ತಂಗಡಿ ಗಿಡದ ಪೂರ್ವೋತ್ತರ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಪುಲಕೇಶಿನಗರದ ಕಡೆಯಿಂದ ನಾಗವಾರದತ್ತ ಹೋಗುವ ದಾರಿಗೆ ಟ್ಯಾನರಿ ರಸ್ತೆ ಎಂದು ಹೆಸರು. ದಿನಕ್ಕೆ ಸಾವಿರಾರು ಜನ ಆ ಹೆಸರನ್ನು ಉಚ್ಚರಿಸುತ್ತಾರೆ. ಟ್ಯಾನರಿ ಎಂದರೆ ತೊಗಲು ಹದಮಾಡುವ ಕಾರ್ಖಾನೆ ಎಂಬುದೂ ಬಹುಮಂದಿಗೆ ಗೊತ್ತು. ಆದರೆ ತೊಗಲು ಹದವಾಗುವುದು ಯಾವುದರಿಂದ ಎಂದು ಕೇಳುವವರು ವಿರಳ. ದಕ್ಷಿಣ ಭಾರತದಲ್ಲಿ ಬಹುಕಾಲ ಆ ಪ್ರಶ್ನೆಗಿದ್ದ ಮುಖ್ಯ ಉತ್ತರ ಬಯಲಲ್ಲಿ ತಾನಾಗಿ ಬೆಳೆಯುವ, ವರ್ಷದ ಹೆಚ್ಚು ಭಾಗ ಹಳದಿ ಹೂ ಹೊತ್ತು ನಿಲ್ಲುವ ಒಂದು ಪೊದೆಯೇ ಆಗಿತ್ತು. ಅದಕ್ಕೆ ನಮ್ಮಲ್ಲಿ ತಂಗಡಿ ಎನ್ನುತ್ತಾರೆ. ಆವರಿಕೆ ಎಂದೂ ಕರೆಯುತ್ತಾರೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಈ ಎರಡು ಹೆಸರುಗಳನ್ನೂ ಬಲ್ಲದು. ತೆಲುಗರಿಗೆ ಇದು ತಂಗೇಡು, ತಮಿಳರಿಗೆ ಆವಾರಂ, ಸಿಂಹಳದವರಿಗೆ ರಣವರಾ. ಕನ್ನಡಕ್ಕೆ ಒಂದು ಹೆಸರು ಪೂರ್ವದ ನೆರೆಯವರೊಡನೆ, ಇನ್ನೊಂದು ದಕ್ಷಿಣದ ನೆರೆಯವರೊಡನೆ ಹೊಂದಿಕೊಂಡಿರುವುದು ಸ್ವಾರಸ್ಯವಾದ ಸಂಗತಿ.

ಈ ಗಿಡದ ಹರವು ದೊಡ್ಡದು. ಚೋಳಮಂಡಲ ತೀರದ ಒಣ ಮರಳು ನೆಲದಲ್ಲಿ, ಸಿಂಹಳದ ಒಣ ಕರಾವಳಿಯಲ್ಲಿ ಇದು ಸಮುದ್ರದ ಗಾಳಿಗೆ ಮೈಯೊಡ್ಡಿ ಬೆಳೆಯುತ್ತದೆ. ಅಲ್ಲಿಂದ ಒಳನಾಡಿಗೆ ಬಂದರೆ ಆರ್ಕಾಟು, ಸೇಲಂ, ಕೋಲಾರ, ತುಮಕೂರು, ಚಿತ್ರದುರ್ಗಗಳ ಬಯಲುಗಳಲ್ಲಿ, ಕೆರೆಯ ಏರಿಗಳ ಮೇಲೆ, ರಸ್ತೆಯ ಮಗ್ಗುಲಲ್ಲಿ ಕಾಣುತ್ತದೆ. ಧಾರಾಕಾರ ಮಳೆ ಸುರಿಯುವ ನಮ್ಮ ಪಡುವಣ ಕರಾವಳಿ ಮಾತ್ರ ಇದಕ್ಕೆ ಅಷ್ಟಾಗಿ ಒಗ್ಗಿಲ್ಲ. ಬೇರು ನೀರಿನಲ್ಲಿ ನಿಲ್ಲುವುದು ಇದಕ್ಕೆ ಆಗದು. ಉಪ್ಪಿನ ಗಾಳಿಯನ್ನು ಸಹಿಸುತ್ತದೆ, ಕಲ್ಲುನೆಲವನ್ನು ಸಹಿಸುತ್ತದೆ, ಕೆಸರನ್ನು ಸಹಿಸದು.

ಗುರುತು ಹಿಡಿಯುವುದು ಕಷ್ಟವಲ್ಲ. ಆಳುದ್ದ, ಕೆಲವೊಮ್ಮೆ ಅದಕ್ಕಿಂತ ಎತ್ತರದ ಪೊದೆ. ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳುಳ್ಳ ಗರಿ. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಐದೆಸಳಿನ ಹಳದಿ ಹೂವು. ಕಾಗದದಂತೆ ತೆಳ್ಳಗೆ, ಚಪ್ಪಟೆಯಾದ ಕಂದು ಕಾಯಿ. ಎಲೆಯ ಬುಡದಲ್ಲಿ ಕಿವಿಯಾಕಾರದ ಎರಡು ಹಸುರು ಪುಚ್ಚಗಳಿರುತ್ತವೆ. ೧೭೫೩ರಲ್ಲಿ ಲಿನೇಯಸ್ ಪಂಡಿತ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟ, ಎಂದರೆ ‘ಕಿವಿಯುಳ್ಳದ್ದು’ ಎಂದು ಹೆಸರಿಟ್ಟದ್ದು ಈ ಕಿವಿಗಳನ್ನು ನೋಡಿಯೇ. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಸೆನ್ನ ಕುಲಕ್ಕೆ ಸೇರಿಸಿದ್ದಾರೆ. ಕುಲ ಬದಲಾದರೂ ಕಿವಿ ಉಳಿದಿದೆ. ತಗಚೆ ಗಿಡವನ್ನು ತೋರಿಸಿ ಇದೇ ಆವರಿಕೆ ಎನ್ನುವವರೂ ಉಂಟು. ಅಂಥವರಿಗೆ ಈ ಕಿವಿಯನ್ನು ತೋರಿಸಿದರೆ ವಾದ ಮುಗಿಯುತ್ತದೆ.

ಹೂವಾಗಿ ಇದರ ಮರ್ಯಾದೆ ನೆರೆಯ ನಾಡುಗಳಲ್ಲಿ ಹೆಚ್ಚು. ಪ್ರಾಚೀನ ತಮಿಳಿನ ಸಂಗಂ ಕವಿಗಳು, ಒಲಿಯದ ಹುಡುಗಿಯ ಬೀದಿಯಲ್ಲಿ ತಾಳೆಗರಿಯ ಕುದುರೆಯೇರಿ ಬರುವ ಪ್ರೇಮಿಗೆ ಈ ಹೂವಿನ ಮಾಲೆಯನ್ನು ತೊಡಿಸಿದರು. ತಮಿಳುನಾಡಿನಲ್ಲಿ ಪೊಂಗಲಿನ ಮುನ್ನಾದಿನ ಇದನ್ನು ಬೇವಿನ ಎಸಳಿನ ಜೊತೆಗೆ ಮನೆಯ ಸೂರಿಗೆ ರಕ್ಷೆಯಾಗಿ ಕಟ್ಟುತ್ತಾರೆ. ತೆಲಂಗಾಣದ ಹೆಂಗಸರು ಬತುಕಮ್ಮನ ಹಬ್ಬದಲ್ಲಿ ಹೂವಿನ ಗೋಪುರ ಕಟ್ಟುವುದು ತಂಗೇಡಿನಿಂದಲೇ. ೨೦೧೪ರಲ್ಲಿ ಹುಟ್ಟಿದ ಆ ರಾಜ್ಯ ಇದನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು. ನಾವು ಕನ್ನಡಿಗರು ಹೂವಿಗಿಂತ ಚಕ್ಕೆಯನ್ನು ಹೆಚ್ಚು ಬಲ್ಲವರು. ಚಕ್ಕೆಯನ್ನು ಬಲ್ಲವರಲ್ಲಿಯೂ ಮೊದಲಿಗರು ಯಾರು ಎಂಬುದನ್ನು ನಮ್ಮ ಪುಸ್ತಕಗಳು ಒತ್ತಿ ಹೇಳಿದ್ದು ಕಡಿಮೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರ ಬೇಸಗೆಯಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಪೂರ್ವದ ದಾರಿಯಾಗಿ ಬೆಂಗಳೂರಿಗೆ ಬಂದ. ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ಮಾಡುತ್ತಾರೆ ಎಂದು ನೋಡಿ ಬರೆಯುವಂತೆ ಆಂಗ್ಲ ಸರ್ಕಾರ ಅವನನ್ನು ಕಳುಹಿಸಿತ್ತು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಬೆಂಗಳೂರಿನ ನೇಕಾರರು, ಬಣ್ಣಗಾರರು, ಗಾಣಿಗರು ಇವರ ಸಾಲಿನಲ್ಲಿ ಮಾದಿಗರ ತೊಗಲಿನ ಕೆಲಸವೂ ಬಂದಿದೆ. ಕುರಿ ಮೇಕೆಗಳ ತೊಗಲಿಗೆ ಎಕ್ಕದ ಹಾಲು, ಉಪ್ಪು, ರಾಗಿ ಹಿಟ್ಟು ಸೇರಿದ ಲೇಪ. ಎತ್ತು ಎಮ್ಮೆಗಳ ದಪ್ಪ ತೊಗಲಿಗೆ ಮೊದಲು ಸುಣ್ಣದ ನೀರು, ಆ ಮೇಲೆ ತಂಗಡಿಯ ಚಕ್ಕೆ. ಬುಕಾನನ್ ಗಿಡದ ದೇಶೀ ಹೆಸರನ್ನೂ ಶಾಸ್ತ್ರೀಯ ಹೆಸರನ್ನೂ ಜೊತೆಯಾಗಿ ಕೊಟ್ಟಿದ್ದಾನೆ. ಅವನು ಸಸ್ಯಶಾಸ್ತ್ರ ಬಲ್ಲವನಾದ್ದರಿಂದ ಗುರುತು ತಪ್ಪುವ ಭಯವಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಹಸಿ ತೊಗಲು ಮೂರು ದಿನದಲ್ಲಿ ಕೊಳೆಯುತ್ತದೆ. ಒಣಗಿಸಿದರೆ ಮರದ ಹಲಗೆಯಂತೆ ಬಿರುಸಾಗುತ್ತದೆ. ಗಿಡದ ಚಕ್ಕೆಯಲ್ಲಿರುವ ಒಗರು, ಶಾಸ್ತ್ರದವರು ಟ್ಯಾನಿನ್ ಎನ್ನುವ ವಸ್ತು, ತೊಗಲಿನ ನಾರುಗಳನ್ನು ಹಿಡಿದು ಬಿಗಿದು ಕೊಳೆಯದಂತೆ ಮಾಡುತ್ತದೆ. ಯಾವ ಗಿಡದ ಒಗರು ಎಷ್ಟು, ಯಾವಾಗ ಸುಲಿಯಬೇಕು, ತೊಟ್ಟಿಯಲ್ಲಿ ಎಷ್ಟು ದಿನ ಇಡಬೇಕು, ಇದೆಲ್ಲ ಕೈಯನುಭವದ ವಿದ್ಯೆ. ಕಪಿಲೆ ಬಾವಿಯ ನೀರೆತ್ತುವ ತೊಗಲ ಚೀಲ, ನೇಗಿಲಿನ ಮಿಣಿ, ಬಾರುಕೋಲು, ಕಾಲಿನ ಕೆರ, ಹಬ್ಬದ ತಮಟೆ, ಎಲ್ಲವೂ ಈ ವಿದ್ಯೆಯಿಂದ ಬಂದವು. ತೋಟಕ್ಕೆ ನೀರು ಹಾಯುವುದು ಆ ಚೀಲದಿಂದ. ಚೀಲ ಮಾಡಿದವನ ಕೇರಿ ಮಾತ್ರ ಊರಾಚೆ. ರಸಾಯನಶಾಸ್ತ್ರವೆಂದು ಕಾಲೇಜಿನಲ್ಲಿ ಕಲಿಸಿದರೆ ಗೌರವ ಕೊಡುವ ವಿಷಯವನ್ನು ಕೇರಿಯಲ್ಲಿ ಬಲ್ಲವನಿಗೆ ಕೊಡದೆ ಹೋದೆವು. ಆ ವಿದ್ಯೆಯನ್ನು ಬಲ್ಲವರು ಬರೆದಿಡಲಿಲ್ಲ, ಬರೆಯಬಲ್ಲವರು ಕೇಳಲಿಲ್ಲ. ಆದ್ದರಿಂದ ಇಂದು ಅದಕ್ಕಾಗಿ ಒಬ್ಬ ಪರದೇಶೀಯನ ಪುಸ್ತಕವನ್ನು ತೆರೆಯಬೇಕಾಗಿದೆ.

೧೮೦೯ರಲ್ಲಿ ಆಂಗ್ಲರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ಹಲಸೂರಿನ ಬಳಿ ದಂಡನ್ನು ಸ್ಥಾಪಿಸಿದರು. ದಂಡು ಬಂದರೆ ಅದರ ಹಿಂದೆ ಬೂಟು, ಜೀನು, ಸೊಂಟಪಟ್ಟಿ, ಕುದುರೆಯ ಲಗಾಮು ಬರಲೇಬೇಕು. ಮಾಂಸದ ಅಂಗಡಿಯೂ ಬರುತ್ತದೆ. ಆದ್ದರಿಂದ ಹಸಿ ತೊಗಲಿಗೂ ಕೊರತೆಯಿಲ್ಲ. ೧೮೬೪ರಲ್ಲಿ ದಂಡಿನ ನಿಲ್ದಾಣದಿಂದ ಜೋಲಾರಪೇಟೆಗೆ ರೈಲು ಹಳಿ ಬಿತ್ತು. ಈಗಿನ ಕೃಷ್ಣರಾಜಪುರ, ವೈಟ್‌ಫೀಲ್ಡುಗಳನ್ನು ಹಾದು ಹೋಗುವುದು ಅದೇ ಹಳಿ. ಅದರಿಂದ ಬೆಂಗಳೂರಿನ ಸರಕಿಗೆ ಮದರಾಸಿನ ಬಂದರು ಹತ್ತಿರವಾಯಿತು. ಊರ ಕೇರಿಯ ಕೈಕೆಲಸ ದಂಡಿನ ಅಂಚಿನಲ್ಲಿ ಕಾರ್ಖಾನೆಯಾಯಿತು. ವರ್ತಕರ ಬಂಡವಾಳ ಬಂತು, ಕೇರಿಯ ಕೈಗಳು ಅಲ್ಲಿ ಕೂಲಿಯ ಕೈಗಳಾದವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣದ ಹದವಾದ ತೊಗಲಿಗೆ ಲಂಡನ್ ಪೇಟೆಯಲ್ಲಿ ‘ಈಸ್ಟ್ ಇಂಡಿಯ ಕಿಪ್’ ಎಂಬ ಹೆಸರು ನಿಂತಿತು. ಕಿಪ್ ಎಂದರೆ ನಮ್ಮ ಸಣ್ಣ ತಳಿಯ ದನಗಳ ಹಗುರವಾದ ತೊಗಲು. ಅದರ ಗುಣಕ್ಕೆ ಕಾರಣ ತಂಗಡಿ. ಇದರ ಒಗರು ಬೇಗ ಒಳಗಿಳಿಯುತ್ತದೆ, ತೊಗಲು ಮೆದುವಾಗಿ ಬರುತ್ತದೆ, ಬಣ್ಣ ತಿಳಿಯಾಗಿರುತ್ತದೆ. ಒಂದು ಕೊರತೆ ಮಾತ್ರ ಉಂಟು: ಬರೀ ತಂಗಡಿಯಲ್ಲಿ ಹದವಾದದ್ದು ಬಿಸಿಲು ಬೆಳಕಿಗೆ ಕೆಂಪಾಗುತ್ತದೆ. ಅದಕ್ಕೆ ಹದಗಾರರು ಕಂಡುಕೊಂಡ ಉಪಾಯ, ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಒಮ್ಮೆ ಅದ್ದುವುದು. ಆ ಮೇಲೆ ಎಣ್ಣೆ ಸವರಿ ನೆರಳಲ್ಲಿ ಒಣಗಿಸಿದರೆ ಬಣ್ಣ ನಿಲ್ಲುತ್ತದೆ. ಕಾಡಿನ ಒಂದು ಕಾಯಿ ಬಯಲಿನ ಒಂದು ಗಿಡದ ದೋಷವನ್ನು ತಿದ್ದಿದ ಈ ಜೋಡಿ ದಕ್ಷಿಣದ ವ್ಯಾಪಾರವನ್ನು ಬಹುಕಾಲ ಹೊತ್ತಿತು.

ಇಷ್ಟು ಚಕ್ಕೆ ಬಂದುದೆಲ್ಲಿಂದ? ಬೆಳೆಸಿದ ತೋಟಗಳಿಂದಲ್ಲ. ಹಳ್ಳಿಯ ಬಡವರು ಕೆರೆಯೇರಿ, ಗೋಮಾಳ, ಗುಡ್ಡದ ಬುಡಗಳಿಂದ ಕೊಂಬೆ ಕಡಿದು, ಬಡಿದು ಸುಲಿದು, ಒಣಗಿಸಿ, ಹೊರೆ ಕಟ್ಟಿ ಮಾರುತ್ತಿದ್ದರು. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ತನ್ನ ಕಿರು ಉತ್ಪನ್ನಗಳಲ್ಲಿ ತಂಗಡಿ ಚಕ್ಕೆಯನ್ನೂ ಸೇರಿಸಿಕೊಂಡಿತ್ತು. ಬರಗಾಲದಲ್ಲಿ ರಾಗಿ ಕೈಕೊಟ್ಟಾಗ ಈ ಗಿಡ ಕೈಕೊಡದು. ದನ ಮೇಕೆಗಳೂ ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕವು. ಬಡವನ ಮನೆಗೆ ಇದು ಹಲ್ಲುಕಡ್ಡಿ, ಗದ್ದೆಗೆ ಸೊಪ್ಪಿನ ಗೊಬ್ಬರ, ಒಲೆಗೆ ಸೌದೆ, ಜೊತೆಗೆ ನಾಲ್ಕು ಕಾಸು. ತಾನಾಗಿ ಬೆಳೆಯುವುದನ್ನು ಬಿತ್ತಿ ಬೆಳೆಸುವುದೇಕೆ ಎಂಬ ಉದಾಸೀನ ಎಲ್ಲರಲ್ಲೂ ಇತ್ತು. ವರ್ತಕರಲ್ಲಿ ಇತ್ತು, ಸರ್ಕಾರದಲ್ಲೂ ಇತ್ತು. ಈ ಉದಾಸೀನಕ್ಕೆ ಬೆಲೆ ತೆರುವ ಕಾಲ ದೂರವಿರಲಿಲ್ಲ.

ಮೊದಲ ಪೆಟ್ಟು ರಸಾಯನದಿಂದ ಬಂತು. ಕ್ರೋಮಿಯಂ ಲವಣಗಳಿಂದ ತೊಗಲನ್ನು ವಾರಗಟ್ಟಲೆ ನೆನೆಯಿಸದೆ ಬೇಗನೆ ಹದಮಾಡುವ ಕ್ರಮಕ್ಕೆ ೧೮೮೪ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಮದರಾಸಿನಲ್ಲಿ ಅದರ ಪ್ರಯೋಗ ನಡೆಸಿದರು. ಅವರ ಕಣ್ಣು ಮೊದಲು ಬಿದ್ದದ್ದು ಬೂಟಿನ ಮೇಲಲ್ಲ, ಕಪಿಲೆಯ ಚೀಲದ ಮೇಲೆ. ಸದಾ ನೀರಿನಲ್ಲಿ ಮುಳುಗೇಳುವ ಚೀಲಕ್ಕೆ ಕ್ರೋಮ್ ತೊಗಲು ಹೆಚ್ಚು ಬಾಳಿಕೆ ಬರುತ್ತದೆಂಬುದು ಅವರ ಎಣಿಕೆ. ಇದೇ ಚಾಟರ್ಟನ್ ೧೯೧೨ರಲ್ಲಿ ಮೈಸೂರಿಗೆ ಕೈಗಾರಿಕಾ ನಿರ್ದೇಶಕರಾಗಿ ಬಂದರು. ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಕೈಗಾರಿಕೆಗಳೆಂದು ಗಂಧದೆಣ್ಣೆ, ಸಾಬೂನುಗಳನ್ನು ಎಲ್ಲರೂ ನೆನೆಯುತ್ತಾರೆ. ಕ್ರೋಮ್ ಹದಗಾರಿಕೆಯೂ ಆ ಸಾಲಿನದೇ. ಮದರಾಸಿನ ಬಳಿ ಕ್ರೋಂಪೇಟೆ ಎಂಬ ಊರಿಗೆ ಹೆಸರು ಬಂದದ್ದೂ ಇದೇ ಕಾಲದ ಕ್ರೋಮ್ ತೊಗಲಿನ ಕಾರ್ಖಾನೆಯಿಂದ.

ಮೊದಲನೆಯ ಮಹಾಯುದ್ಧ ಗಿಡದ ಕಡೆಗೆ ಮತ್ತೆ ಎಲ್ಲರ ಗಮನ ತಿರುಗಿಸಿತು. ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈಸ್ಟ್ ಇಂಡಿಯ ಕಿಪ್ ಬೇಕಾಯಿತು. ಸರ್ಕಾರ ಆ ವ್ಯಾಪಾರವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಬಯಲಿನ ಪೊದೆಯೊಂದು ಯುರೋಪಿನ ಕಂದಕಗಳವರೆಗೆ ಹೋದದ್ದು ಹೀಗೆ. ಆದರೆ ಬೇಡಿಕೆ ಏರಿದಾಗ ಕಾಡುಬೆಳೆ ಅದಕ್ಕೆ ತಕ್ಕಂತೆ ಏರುವುದಿಲ್ಲ. ಹದಗಾರರು ದಕ್ಷಿಣ ಆಫ್ರಿಕದ ನೇಟಾಲಿನಿಂದ ಬರುವ ವಾಟಲ್ ಚಕ್ಕೆಯತ್ತ ತಿರುಗಿದರು. ವಾಟಲ್ ಮೂಲತಃ ಆಸ್ಟ್ರೇಲಿಯದ ಮರ. ತಂಗಡಿಯ ಚಕ್ಕೆಯಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಒಗರಿದ್ದರೆ ವಾಟಲಿನಲ್ಲಿ ಮೂವತ್ತಕ್ಕೂ ಮೇಲೆ. ತಂಗಡಿಯನ್ನು ಕಡ್ಡಿ ಕಡ್ಡಿಯಾಗಿ ಸುಲಿಯಬೇಕು, ವಾಟಲನ್ನು ಮರದಿಂದ ಹಾಳೆ ಹಾಳೆಯಾಗಿ ಎಬ್ಬಿಸಬಹುದು. ಅದು ಲೆಕ್ಕವಿಟ್ಟು ನೆಟ್ಟ ತೋಟದ ಬೆಳೆ, ಇದು ದಾರಿಬದಿಯ ಗಿಡ. ಪಂದ್ಯದ ಫಲಿತಾಂಶ ಬೇರೆಯಾಗುವ ಸಂಭವವಿರಲಿಲ್ಲ.

೧೯೪೬ರಲ್ಲಿ ಒಂದು ವಿಶೇಷ ನಡೆಯಿತು. ದಕ್ಷಿಣ ಆಫ್ರಿಕದಲ್ಲಿ ನಮ್ಮವರ ಮೇಲೆ ನಡೆಯುತ್ತಿದ್ದ ವರ್ಣಭೇದವನ್ನು ಪ್ರತಿಭಟಿಸಿ ಭಾರತ ಆ ದೇಶದೊಡನೆ ವ್ಯಾಪಾರವನ್ನೇ ನಿಲ್ಲಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ದೇಶಗಳಲ್ಲಿ ಭಾರತವೇ ಮೊದಲನೆಯದು. ನೇಟಾಲಿನ ಚಕ್ಕೆಯ ದಾರಿ ಮುಚ್ಚಿದ ಆ ಗಳಿಗೆ ತಂಗಡಿಯ ಪಾಲಿಗೆ ಶುಭಗಳಿಗೆಯಾಗಬಹುದಾಗಿತ್ತು. ೧೯೪೮ರಲ್ಲಿ ಮದರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾಲಯವೂ ಹುಟ್ಟಿತು. ಆದರೆ ಮುಂದಿನ ದಶಕಗಳಲ್ಲಿ ನಡೆದದ್ದು ಇನ್ನೊಂದು. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲುಗಳನ್ನು ಪಾಳು ನೆಲವೆಂದು ಬಗೆದು ಅಲ್ಲಿ ಎಕರೆಗಟ್ಟಲೆ ವಾಟಲ್ ನೆಟ್ಟರು. ಹುಲ್ಲಿನ ಬುಡದಲ್ಲಿ ಮಳೆನೀರು ಹಿಡಿದಿಟ್ಟು ವರ್ಷವಿಡೀ ತೊರೆಗಳಿಗೆ ಬಿಡುತ್ತಿದ್ದ ಆ ನೆಲ ವಾಟಲ್ ಕಾಡಾಯಿತು. ಈಗ ಅದನ್ನು ಕಿತ್ತು ಹುಲ್ಲನ್ನು ಮರಳಿ ತರಲು ಸರ್ಕಾರವೇ ಹಣ ಸುರಿಯುತ್ತಿದೆ. ಅದೋ, ಕಿತ್ತಷ್ಟೂ ಚಿಗುರುತ್ತದೆ. ವಾಟಲಿನ ಹೂವೂ ಹಳದಿಯೇ! ಕೆಳಗಿನ ಒಣ ಬಯಲಲ್ಲಿ ಯಾವ ಉಪಚಾರವನ್ನೂ ಬೇಡದೆ ನಿಂತಿದ್ದ ಸ್ವದೇಶದ ಹಳದಿಯನ್ನು ಬಿಟ್ಟು, ಮೇಲಿನ ತಂಪು ನೆಲಕ್ಕೆ ಪರದೇಶದ ಹಳದಿಯನ್ನು ಕರೆತಂದೆವು. ಲೇಖಕನ ಅಭಿಪ್ರಾಯದಲ್ಲಿ ಇದು ಕೇವಲ ಲಾಭನಷ್ಟದ ಲೆಕ್ಕವಲ್ಲ. ತಾನಾಗಿ ಬೆಳೆಯುವುದಕ್ಕೆ ಬೆಲೆಯಿಲ್ಲವೆಂಬ ನಮ್ಮ ಹಳೆಯ ನಂಬಿಕೆಯ ಫಲ.

ಕ್ರೋಮ್ ಹದವೂ ನಿರಪಾಯವಾಗಿ ಉಳಿಯಲಿಲ್ಲ. ಪಾಲಾರ್ ನದಿಯ ದಡದ ನೂರಾರು ಟ್ಯಾನರಿಗಳಿಂದ ಹರಿದ ಕೊಳಕು ನೀರು ಬಾವಿಗಳನ್ನೂ ಹೊಲಗಳನ್ನೂ ಕೆಡಿಸಿ, ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೧೯೯೬ರಲ್ಲಿ ತೀರ್ಪಾಯಿತು. ಕೆಡಿಸಿದವನೇ ಪರಿಹಾರ ತೆರಬೇಕೆಂಬ ತತ್ತ್ವ ಆ ತೀರ್ಪಿನಿಂದ ನಮ್ಮ ಕಾನೂನಿನಲ್ಲಿ ಬೇರೂರಿತು. ಗಿಡದ ಒಗರಿನ ಹದಕ್ಕೂ ನೀರು ಬೇಕು, ಅದರ ತೊಟ್ಟಿಗೂ ನಾತವುಂಟು. ಅದನ್ನು ಅಮೃತವೆಂದು ಹೊಗಳಬೇಕಾಗಿಲ್ಲ. ಆದರೂ ಲೋಹದ ಲವಣವಿಲ್ಲದ ತೊಗಲನ್ನು ಕೇಳಿ ಕೊಳ್ಳುವ ಗಿರಾಕಿಗಳು ಈಗ ಇದ್ದಾರೆ. ತಂಗಡಿಯ ಮಾತು ಪ್ರಯೋಗಶಾಲೆಗಳಲ್ಲಿ ಮತ್ತೆ ಕೇಳಿಬರುತ್ತದೆ.

ಇನ್ನು ನಮ್ಮ ಬೆಂಗಳೂರಿನ ಪೂರ್ವಭಾಗಕ್ಕೆ ಬರೋಣ. ಮಹದೇವಪುರ, ಹೂಡಿ, ಗರುಡಾಚಾರ್ ಪಾಳ್ಯಗಳು ರಾಗಿ ಹೊಲ, ಕೆರೆ, ಕಲ್ಲುದಿಣ್ಣೆಗಳ ಸೀಮೆಯಾಗಿದ್ದವು. ಮಹದೇವಪುರ ಮೊದಲು ಕೈಗಾರಿಕೆಯ ನೆಲೆಯಾಯಿತು, ಆ ಮೇಲೆ ನಗರಸಭೆಯಾಯಿತು, ೨೦೦೭ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. ೨೦೨೩ರಿಂದ ಅದರ ನೆತ್ತಿಯ ಮೇಲೆ ಮೆಟ್ರೊ ರೈಲು ಓಡುತ್ತಿದೆ. ತಂಗಡಿಗೆ ಬೇಕಾದದ್ದು ಇಂಥದೇ ಕೆಮ್ಮಣ್ಣಿನ ಬಿಸಿಲು ನೆಲ, ಇಂಥದೇ ಅಳತೆಯ ಮಳೆ. ಆದರೆ ರಸ್ತೆ ಅಗಲವಾದಂತೆ, ಏರಿಗೆ ಕಲ್ಲು ಕಟ್ಟಿದಂತೆ ದಾರಿಬದಿಯ ಗಿಡಕ್ಕೆ ದಾರಿಬದಿಯೇ ಇಲ್ಲವಾಗುತ್ತದೆ. ರಸ್ತೆಯ ನಡುವಿನ ಪಟ್ಟಿಗಳಲ್ಲಿ ನಮ್ಮವರು ಹಳದಿ ಹೂವಿಗಾಗಿ ನೆಡುವುದು ಅಮೆರಿಕ ಖಂಡದ ಟೆಕೋಮ, ಅಲಮಾಂಡಗಳನ್ನು. ಅವಕ್ಕೆ ಬೇಸಗೆಯಲ್ಲಿ ಟ್ಯಾಂಕರಿನ ನೀರು. ಅದೇ ಖಂಡದಿಂದ ಅಂದದ ಹೂವೆಂದು ಬಂದ ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಇದರ ಪರದೇಶೀ ದಾಯಾದಿ ಬಂಡೀಪುರ, ನಾಗರಹೊಳೆಗಳ ಕಾಡನ್ನು ಹೊಕ್ಕು ಅರಣ್ಯ ಇಲಾಖೆಯನ್ನು ಕಾಡುತ್ತಿದೆ. ಬೀಜ ಕೊಳ್ಳುವಾಗ ಹೆಸರಿನ ಮೊದಲರ್ಧವನ್ನು ಮಾತ್ರ ಓದಿ ಹಣ ಕೊಡಬೇಡಿ.

ಮನೆಯ ಮುಂದೆ, ಶಾಲೆಯ ಬೇಲಿಗೆ, ಬಡಾವಣೆಯ ಉದ್ಯಾನದ ಒಣ ಮೂಲೆಗೆ ತಂಗಡಿಯನ್ನು ತರಬೇಕೆನ್ನುವವರು ಬೀಜದಿಂದಲೇ ಆರಂಭಿಸುವುದು ಲೇಸು. ಕಾಯಿ ಕಂದಾಗಿ ಗಲಗಲ ಸದ್ದು ಮಾಡುವಾಗ ಕೀಳಬೇಕು. ತಡಮಾಡಿದರೆ ಬೀಜಕ್ಕೆ ಹುಳು ಬೀಳುತ್ತದೆ. ಬಿಡಿಸಿದ ಬೀಜವನ್ನು ನೀರಿಗೆ ಹಾಕಿ ತೇಲುವುದನ್ನು ಚೆಲ್ಲಿಬಿಡಿ. ಇದರ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ, ಕೆಲವು ತಮಗೆ ತೋರಿದಾಗ ಮೊಳೆಯುತ್ತವೆ. ಬರಗಾಲದ ಸೀಮೆಯಲ್ಲಿ ಎಲ್ಲ ಬೀಜವೂ ಒಂದೇ ಮಳೆಯನ್ನು ನಂಬಿ ಏಳದಿರುವುದು ಗಿಡದ ಜಾಣತನ. ನಮಗೆ ಒಂದೇ ಸಲ ಮೊಳಕೆ ಬೇಕಾದರೆ, ಕುದಿದ ನೀರನ್ನು ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ, ರಾತ್ರಿಯೆಲ್ಲ ಆರಲು ಬಿಡಬೇಕು. ಒಲೆಯ ಮೇಲಿಟ್ಟು ಬೇಯಿಸಬಾರದು. ಅದು ಹುಳಿಯ ಬೇಳೆಯಲ್ಲ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೊಮ್ಮೆ ಹಾಗೆಯೇ ಮಾಡಿ. ಮರಳಿನೊಡನೆ ಸೇರಿಸಿ ಗೋಣಿಯ ಮೇಲೆ ಉಜ್ಜುವುದೂ ಒಂದು ಕ್ರಮ.

ಮುಂಗಾರಿನ ಮೊದಲ ಹದಮಳೆಯ ಮೇಲೆ, ಬೆರಳಿನ ಉಗುರಿನಷ್ಟು ಆಳದಲ್ಲಿ, ಗಿಡ ನಿಲ್ಲಬೇಕಾದ ಜಾಗದಲ್ಲೇ ಬಿತ್ತುವುದು ಎಲ್ಲಕ್ಕಿಂತ ಉತ್ತಮ. ತಾಯಿಬೇರು ಬಹುಬೇಗ ಆಳಕ್ಕಿಳಿಯುವುದರಿಂದ ಕಿತ್ತು ನೆಡುವುದನ್ನು ಇದು ಮೆಚ್ಚುವುದಿಲ್ಲ. ಚೀಲದಲ್ಲಿ ಬೆಳೆಸುವುದೇ ಆದರೆ ಉದ್ದನೆಯ ಚೀಲ ತೆಗೆದುಕೊಂಡು, ಬೇರು ತಳದಲ್ಲಿ ಸುತ್ತಿಕೊಳ್ಳುವ ಮೊದಲೇ ನೆಟ್ಟುಬಿಡಬೇಕು. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಒಂದು ಮಾರಿಗಿಂತ ಕಡಿಮೆ ಅಂತರ ಸಾಕು. ಮೊದಲ ಬೇಸಗೆಯಲ್ಲಿ ಆಗೊಮ್ಮೆ ಈಗೊಮ್ಮೆ ನೀರು. ಆ ಮೇಲೆ ಅದರ ಪಾಡಿಗೆ ಬಿಡಿ. ಬೇಳೆಯ ಜಾತಿಯ ಗಿಡವಾದ್ದರಿಂದ ನೆಲಕ್ಕೆ ಸಾರಜನಕ ಸೇರಿಸುತ್ತದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಈ ಕುಲದ ಗಿಡಗಳ ಬೇರಿನಲ್ಲಿ ಆ ಗಂಟುಗಳಿರುವುದಿಲ್ಲ. ಗೊಬ್ಬರವಾಗುವುದು ಸೊಪ್ಪು ಮಾತ್ರ.

ಹೂವಿನಲ್ಲಿ ಮಧುವಿಲ್ಲ, ಪರಾಗವೊಂದೇ. ಪರಾಗದ ಚೀಲಗಳು ತುದಿಯ ಸಣ್ಣ ರಂಧ್ರದಿಂದ ತೆರೆಯುವುದರಿಂದ, ಮರ ಕೊರೆಯುವ ದೊಡ್ಡ ಕರಿದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ಗುಟ್ಟಿ ನಡುಗಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಎಲೆಯಲ್ಲಿ ಹಸುರು ಹುಳುಗಳು ಕಂಡರೆ ಔಷಧ ಹೊಡೆಯಲು ಆತುರಪಡಬೇಡಿ. ಹಳದಿಯ, ತಿಳಿಹಸುರಿನ ಚಿಟ್ಟೆಗಳ ಮರಿಗಳು ಅವು, ನಾಲ್ಕೆಲೆ ತಿಂದು ಹಾರಿಹೋಗುತ್ತವೆ. ಹೂವನ್ನು ಒಣಗಿಸಿ ಕಷಾಯ ಕಾಯಿಸುವ ರೂಢಿ ತಮಿಳುನಾಡಿನಲ್ಲೂ ಸಿಂಹಳದಲ್ಲೂ ಇದೆ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ಬಿಡಬಾರದು.

ಎರಡು ಮೂರು ವರ್ಷ ತುಂಬಿದ ಗಿಡವನ್ನು ಮೊಣಕಾಲಿನ ಎತ್ತರಕ್ಕೆ ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಹೂವು ಬರುವುದು ಆ ಹೊಸ ಕೊಂಬೆಗಳ ತುದಿಯಲ್ಲಿ. ಹಿಂದೆ ಚಕ್ಕೆ ಸುಲಿಯುತ್ತಿದ್ದವರೂ ಹೀಗೆಯೇ ಕಡಿಯುತ್ತಿದ್ದರು. ಮಳೆಗಾಲದಲ್ಲಿ, ಕೊಂಬೆಯೊಳಗೆ ರಸವೇರಿರುವಾಗ, ಚಕ್ಕೆ ಕೈಗೆ ಸಲೀಸಾಗಿ ಬಿಡಿಸಿ ಬರುತ್ತದೆ. ಬುಡಸಹಿತ ಕಿತ್ತವನಿಗೆ ಮರುವರ್ಷ ಏನೂ ಸಿಗುತ್ತಿರಲಿಲ್ಲ.